ಅಣ್ಣ ತುಮಕೂರಿಗೆ, ತಂಗಿ ಹಾಸನಕ್ಕೆ

ಗುಬ್ಬಿ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ವೀರಣ್ಣನವರ ನಾಟಕ ಕಂಪನಿ. ಆದರೆ ಹೆತ್ತ ತಾಯಿಯನ್ನು ಹುಡುಕಿಕೊಂಡು ವಿದೇಶದಿಂದ ಬರುವ ದತ್ತು ಮಕ್ಕಳ ಸುದ್ದಿ ಓದುವಾಗಲೆಲ್ಲ ನನ್ನ ತಲೆಗೆ ಬರೋದು ಇದೇ ಸೀಮೆಯ ಇನ್ನೊಂದು ಕಥೆ. ಅದಕ್ಕೆ ಸುಮಾರು 150 ವರ್ಷ.

1876ರಿಂದ 78. ಧಾತು, ಈಶ್ವರ ಸಂವತ್ಸರಗಳ ಬರ. ಅಂಕಿ ನೋಡಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಉಳಿದದ್ದು ಸುಮಾರು 42 ಲಕ್ಷ. ಬೆಳೆಯಬೇಕಿದ್ದ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಕುಸಿದಿತ್ತು! ಆಗ ಆಳುತ್ತಿದ್ದದ್ದು ಬ್ರಿಟಿಷ್ ಕಮಿಷನರ್. ಗಂಜಿ ಕೇಂದ್ರ ತೆರೆದರು, ಸಾಲಲಿಲ್ಲ.

ಅಪ್ಪ ಅಮ್ಮ ಹೋದ ಮೇಲೆ ಮಕ್ಕಳು ಉಳಿದವು. ವೆಸ್ಲಿಯನ್ ಮಿಷನ್‌ನವರು 1830ರ ದಶಕದಿಂದಲೇ ಗುಬ್ಬಿಯಲ್ಲಿ ನೆಲೆಯೂರಿದ್ದರು. ಬರದಲ್ಲಿ ತಬ್ಬಲಿಗಳಾದ ಮಕ್ಕಳಿಗಾಗಿ ಅವರು ಅನಾಥಾಲಯ ತೆರೆದರು. ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ. ವ್ಯವಸ್ಥೆ ಅಚ್ಚುಕಟ್ಟು. ಆದರೆ ಒಂದೇ ತಾಯಿಯ ಇಬ್ಬರು ಮಕ್ಕಳು ಒಟ್ಟಿಗೆ ಸಿಕ್ಕರೆ? ಈ ಲೆಕ್ಕದಲ್ಲಿ ಅಣ್ಣ ತುಮಕೂರಿಗೆ, ತಂಗಿ ಹಾಸನಕ್ಕೆ. ನಡುವೆ ನೂರಕ್ಕೂ ಹೆಚ್ಚು ಕಿಲೋಮೀಟರ್. ಜ್ಞಾನಸ್ನಾನ ಆದರೆ ಹೆಸರೂ ಹೊಸದು. ಅನ್ನ ಹಾಕಿ ಬದುಕಿಸಿದರು, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ಮುಂದೊಂದು ದಿನ ಇವರಿಬ್ಬರೂ ಒಬ್ಬರನ್ನೊಬ್ಬರು ಹುಡುಕೋದು ಹೇಗೆ?

ನಾನು ಎಂಜಿನಿಯರಿಂಗ್ ಓದಿದವನು. ಡೇಟಾಬೇಸ್ ಪಾಠದಲ್ಲಿ ಮೊದಮೊದಲೇ ಹೇಳಿಕೊಡೋದು 'ಕೀ' ಬಗ್ಗೆ. ಎರಡು ಪಟ್ಟಿಗಳನ್ನು ಜೋಡಿಸಬೇಕಾದರೆ ಎರಡರಲ್ಲೂ ಒಂದು ಸಮಾನ ಕಾಲಂ ಇರಬೇಕು. ಹೆಸರು, ಊರು, ತಾಯಿ ಯಾರು ಅನ್ನೋದು ಅಳಿಸಿಹೋದರೆ ಪಟ್ಟಿಗಳಿದ್ದೂ ಇಲ್ಲದ ಹಾಗೆ.

ಅದು ಪರದೇಶಿಗಳ ಆಡಳಿತ, ಬರಗಾಲ ಬೇರೆ, ಬಿಡಿ. ಸ್ವತಂತ್ರ ಭಾರತ ಏನು ಮಾಡಿತು? 1956ರ ಹಿಂದೂ ದತ್ತಕ ಕಾಯ್ದೆ ವಿದೇಶಿ ಕ್ರೈಸ್ತ ದಂಪತಿಗೆ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಅವರು 1890ರ ಹಳೇ ಕಾಯ್ದೆ ಹಿಡಿದು, ನಮ್ಮ ಕೋರ್ಟಿನಲ್ಲಿ 'ಪೋಷಕರು' ಅಂತ ಆದೇಶ ಪಡೆದು, ಮಗುವನ್ನು ವಿಮಾನ ಹತ್ತಿಸುತ್ತಿದ್ದರು. ದತ್ತು ಆಗುತ್ತಿದ್ದದ್ದು ಅವರ ದೇಶದಲ್ಲಿ. ಅರ್ಧ ಕಡತ ಇಲ್ಲಿ, ಅರ್ಧ ಅಲ್ಲಿ!

ಲಕ್ಷ್ಮೀಕಾಂತ್ ಪಾಂಡೆ ಅನ್ನೋ ವಕೀಲರು ಸುಪ್ರೀಂ ಕೋರ್ಟಿಗೆ ಬರೆದ ಒಂದು ಪತ್ರವೇ ಮೊಕದ್ದಮೆಯಾಯಿತು. 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಅಂತರದೇಶೀಯ ದತ್ತುವಿಗೆ ನಿಯಮ ಹಾಕಿತು. 1990ರಲ್ಲಿ ಕೇಂದ್ರದ ದತ್ತು ಸಂಸ್ಥೆ 'ಕಾರಾ' ಬಂತು. ಆದರೆ ಅಷ್ಟರಲ್ಲಿ ಹೋಗಿದ್ದ ಮಕ್ಕಳು? 1973ರಲ್ಲಿ ಪುಣೆಯಲ್ಲಿ ಹುಟ್ಟಿ ಜರ್ಮನಿಯಲ್ಲಿ ಬೆಳೆದ ಅರುಣ್ ದೋಲೆ, ತನ್ನದೇ ಕಡತ ನೋಡೋದಕ್ಕೆ ವರ್ಷಗಟ್ಟಲೆ ನಮ್ಮ ಕೋರ್ಟುಗಳಿಗೆ ಅಲೆಯಬೇಕಾಯಿತು.

ಡಿಎನ್‌ಎ ಇದೆಯಲ್ಲ ಅಂತೀರಿ. ಇದೆ. ಆದರೆ ಹೋಲಿಸೋದಕ್ಕೆ ಇನ್ನೊಂದು ಕಡೆಯೂ ಮಾದರಿ ಬೇಕಲ್ಲ! ಮಗು ಕೊಟ್ಟು ನಲವತ್ತು ವರ್ಷ ಬಾಯಿ ಮುಚ್ಚಿಕೊಂಡ ಹೆಂಗಸು ಎಂಜಲು ಕೊಳವೆಗೆ ಉಗಿದು ಕಳಿಸುತ್ತಾಳಾ? ಗಂಡನಿಗೇ ಹೇಳಿರೋದಿಲ್ಲ. ಅವಳ ಗುಟ್ಟು ಕಾಪಾಡಬೇಕು ಅನ್ನೋದನ್ನು ನಾನೂ ಒಪ್ಪುತ್ತೇನೆ, ನಿಯಮವೂ ಅದನ್ನೇ ಹೇಳುತ್ತೆ.

ಈಗಿನ ನಿಯಮದಲ್ಲಿ 18 ತುಂಬಿದ ದತ್ತು ಮಗು ತನ್ನ ಮೂಲ ಹುಡುಕೋದಕ್ಕೆ ತಾನೇ ಅರ್ಜಿ ಹಾಕಬಹುದು. ಮೂರನೆಯವರು ಹಾಕುವ ಹಾಗಿಲ್ಲ. ಅಂದರೆ ಹಾಸನದಲ್ಲೋ ಗುಬ್ಬಿಯಲ್ಲೋ ಉಳಿದ ತಂಗಿಯೊಬ್ಬಳಿಗೆ, ಅಮ್ಮ ಸಾಯುವಾಗ ಹೇಳಿದ್ದರಿಂದ, ತನಗೊಬ್ಬ ಅಣ್ಣ ಇದ್ದಾನೆ ಅಂತ ಗೊತ್ತಾದರೆ, ಅವಳು ಆ ಅರ್ಜಿ ಹಾಕುವ ಹಾಗಿಲ್ಲ. ಅಣ್ಣನೇ ಅಲ್ಲಿಂದ ಹುಡುಕಿಕೊಂಡು ಬರಬೇಕು, ಅದೂ ತನಗೊಬ್ಬ ತಂಗಿ ಇದ್ದಾಳೆ ಅನ್ನೋದು ಗೊತ್ತಿಲ್ಲದೆ.