ಲಾಕರ್‌ನ ಎರಡನೇ ಕೀಲಿ

ಬ್ಯಾಂಕಿನ ಲಾಕರ್ ತೆಗೆಯೋಕೆ ಎರಡು ಕೀಲಿ ಬೇಕು. ಒಂದು ಗ್ರಾಹಕರದ್ದು, ಇನ್ನೊಂದು ನಮ್ಮದು. ಒಳಗಿರುವ ಒಡವೆ ಅವರದ್ದೇ ಆದರೂ ನಮ್ಮ ಕೀಲಿ ತಿರುಗದೆ ಬಾಗಿಲು ತೆರೆಯೋದಿಲ್ಲ.

2007ರಲ್ಲಿ ಒಂದು ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ್ದೆ. ಊರಿಂದ ಅಣ್ಣ ತಾಳಮದ್ದಳೆಯ ಎಂಪಿ3 ಸಿ.ಡಿ. ಕಳಿಸಿದ್ದ. ಪ್ಲೇಯರ್‌ನಲ್ಲಿ ಪ್ರಸಂಗದ ಹೆಸರು ಬಂತು, ದನಿ ಬರಲಿಲ್ಲ. ಕೋಡೆಕ್ ಇಲ್ಲ, ಇಂಟರ್ನೆಟ್‌ನಿಂದ ಇಳಿಸಿಕೊಳ್ಳಿ ಅಂತು. ಇಳಿಸೋಣ ಅಂದ್ರೆ ವೈ-ಫೈ ಏಳಲಿಲ್ಲ. ಅದಕ್ಕೆ ಫರ್ಮ್‌ವೇರ್ ಬೇಕಂತೆ, ಅದೂ ಇಂಟರ್ನೆಟ್‌ನಲ್ಲೇ ಇದೆಯಂತೆ! ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ಕೊನೆಗೆ ಎದುರು ಮನೆಯ ಹುಡುಗ ತನ್ನ ಕೇಬಲ್ ಎಳೆದು ಕೊಟ್ಟ. ಭಾಗವತರ ದನಿ ಕೇಳಿದಾಗ ರಾತ್ರಿ ಹನ್ನೊಂದು.

"ಬಿಟ್ಟಿ ಸಾಫ್ಟ್‌ವೇರ್ ಅಂದ್ರೆ ಹೀಗೇ ಸಾರ್" ಅಂದ ಸಹೋದ್ಯೋಗಿಯೊಬ್ಬರು. ನಾನೂ ನಂಬಿದ್ದೆ. ಆಮೇಲೆ ಇದರ ಚರಿತ್ರೆ ಓದಿದಾಗ ಗೊತ್ತಾಯಿತು, ತಪ್ಪು ಯಂತ್ರದ್ದೂ ಅಲ್ಲ, ಬರೆದವರದ್ದೂ ಅಲ್ಲ. ಎರಡನೇ ಕೀಲಿ ಬೇರೆಯವರ ಹತ್ತಿರ ಇತ್ತು, ಅಷ್ಟೆ.

ಎಂಪಿ3ಯನ್ನೇ ನೋಡಿ. ಅದರ ಪೇಟೆಂಟ್‌ಗಳು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಮತ್ತು ಇನ್ನೂ ಕೆಲವರ ಕೈಯಲ್ಲಿದ್ದವು. ಪ್ಲೇಯರ್ ಮಾರುವವರು ಲೈಸೆನ್ಸ್ ಪಡೆಯಬೇಕು. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದ ಸಾಫ್ಟ್‌ವೇರ್‌ಗೆ ಪ್ರತಿಗೆ ಇಷ್ಟು ಅಂತ ಲೆಕ್ಕ ಹಿಡಿಯೋದು ಹೇಗೆ? ಹಾಗಾಗಿ 2002ರಲ್ಲಿ ರೆಡ್ ಹ್ಯಾಟ್ ತನ್ನ 8.0 ಆವೃತ್ತಿಯಿಂದ ಎಂಪಿ3 ಸೌಲಭ್ಯವನ್ನೇ ತೆಗೆದುಹಾಕಿತು. ಕೆಲಸ ಮಾಡುತ್ತಿದ್ದುದನ್ನು ಬೇಕೆಂದೇ ತೆಗೆದದ್ದು!

ಡಿವಿಡಿಯದ್ದು ಇನ್ನೂ ದೊಡ್ಡ ಕಥೆ. ಅದರ ಬೀಗ ಬಿಡಿಸುವ ಡಿಸಿಎಸ್‌ಎಸ್ ಎಂಬ ಪ್ರೋಗ್ರಾಂ 1999ರಲ್ಲಿ ಹೊರಬಂತು. ನಾರ್ವೆಯ ಯೋನ್ ಲೆಕ್ ಯೋಹಾನ್ಸನ್ ಆಗ ಹದಿನೈದರ ಹುಡುಗ. ಅವನ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಿದರು. 2003ರ ಜನವರಿಯಲ್ಲಿ ನಿರ್ದೋಷಿ ಅಂತ ತೀರ್ಪು, ಅದೇ ಡಿಸೆಂಬರ್‌ನಲ್ಲಿ ಮೇಲ್ಮನವಿಯಲ್ಲೂ ಅದೇ. ತಾನು ಕೊಂಡ ಡಿಸ್ಕನ್ನು ತಾನು ನೋಡುವುದು ಅಪರಾಧವಲ್ಲ ಅಂತ ಕೋರ್ಟು ಹೇಳಬೇಕಾಯಿತು.

ವೈ-ಫೈ ಚಿಪ್‌ಗಳ ವಿವರವನ್ನು ಎಷ್ಟೋ ಕಂಪನಿಗಳು ಕೊಡುತ್ತಲೇ ಇರಲಿಲ್ಲ. ಎನ್‌ಡಿಐಎಸ್‌ವ್ರಾಪರ್ ಅಂತ ಒಂದು ಉಪಾಯವಿತ್ತು, ವಿಂಡೋಸ್‌ನ ಡ್ರೈವರನ್ನೇ ಲಿನಕ್ಸ್‌ನಲ್ಲಿ ಓಡಿಸೋದು. ಬ್ರಾಡ್‌ಕಾಮ್ ಚಿಪ್‌ಗಳಿಗೆ ಕೆಲವರು ಇನ್ನೊಂದು ದಾರಿ ಹಿಡಿದರು. ಒಂದು ತಂಡ ಹಳೇ ಡ್ರೈವರನ್ನು ಬಿಚ್ಚಿ ನೋಡಿ ಚಿಪ್ಪಿನ ನಡವಳಿಕೆ ಬರೆದಿಡುವುದು, ಇನ್ನೊಂದು ತಂಡ ಆ ಬರಹ ಮಾತ್ರ ಓದಿ ಹೊಸದಾಗಿ ಡ್ರೈವರ್ ಬರೆಯುವುದು. ನಕಲು ಮಾಡಿದಿರಿ ಅಂತ ಯಾರೂ ಹೇಳಬಾರದಲ್ಲ! ಆ ಡ್ರೈವರ್ 2006ರಲ್ಲಿ ಲಿನಕ್ಸ್ ಕರ್ನಲ್ ಸೇರಿತು. 2010ರ ಸೆಪ್ಟೆಂಬರ್‌ನಲ್ಲಿ ಬ್ರಾಡ್‌ಕಾಮ್ ತಾನೇ ತನ್ನ ಹೊಸ ಚಿಪ್‌ಗಳಿಗೆ ಮುಕ್ತ ಡ್ರೈವರ್ ಕೊಟ್ಟಿತು.

2017ರ ಏಪ್ರಿಲ್‌ನಲ್ಲಿ ಫ್ರೌನ್‌ಹೋಫರ್‌ನ ಎಂಪಿ3 ಲೈಸೆನ್ಸ್ ಯೋಜನೆ ಮುಗಿಯಿತು. ಪೇಟೆಂಟ್‌ಗೆ ಅವಧಿ ಇರುತ್ತೆ, ಫಿಕ್ಸೆಡ್ ಡಿಪಾಸಿಟ್ ಥರ. ಡೆಬಿಯನ್‌ನವರು 2022ರಲ್ಲಿ ಮತ ಹಾಕಿ, 2023ರ ಆವೃತ್ತಿಯಿಂದ ಮುಕ್ತವಲ್ಲದ ಫರ್ಮ್‌ವೇರನ್ನೂ ಇನ್‌ಸ್ಟಾಲ್ ಮಾಡುವಾಗಲೇ ಸಿಗುವಂತೆ ಮಾಡಿದರು.

ಈಗಿನ ನನ್ನ ಲ್ಯಾಪ್‌ಟಾಪ್‌ನಲ್ಲಿ ಎರಡೂ ತಾನಾಗಿ ನಡೆಯುತ್ತವೆ. ಆದರೆ ಕೆಲವು ಹಳೇ ಚಿಪ್‌ಗಳ ಫರ್ಮ್‌ವೇರ್ ಹಂಚಲು ಇವತ್ತಿಗೂ ಅನುಮತಿ ಇಲ್ಲ. ಪೇಟೆಂಟ್ ಇಪ್ಪತ್ತು ವರ್ಷಕ್ಕೆ ಮುಗಿಯುತ್ತೆ, ಕಾಪಿರೈಟ್ ನಮ್ಮ ಕಾಲದಲ್ಲಿ ಮುಗಿಯೋದಲ್ಲ. ಅಟ್ಟದ ಮೇಲಿನ ಆ ಹಳೇ ಯಂತ್ರದ ಜೊತೆ ಎದುರು ಮನೆ ಹುಡುಗನ ಕೇಬಲ್ಲನ್ನೂ ಸುತ್ತಿ ಇಟ್ಟಿದ್ದೇನೆ. ಬೇಕಾಗಬಹುದು, ನೋಡಿ.