ಈಸೋಪ ಮತ್ತು ದುರ್ಗಸಿಂಹ

ಹೂಜಿಗೆ ಕಲ್ಲು ಹಾಕಿ ನೀರು ಕುಡಿದ ಕಾಗೆಯ ಕಥೆ ಪಂಚತಂತ್ರದ್ದೆಂದು ಸ್ನಾತಕೋತ್ತರ ವಿದ್ಯಾರ್ಥಿಗಳೂ ಉತ್ತರಪತ್ರಿಕೆಯಲ್ಲಿ ಬರೆಯುವುದುಂಟು. ಅದು ಈಸೋಪನ ಹೆಸರಿನಲ್ಲಿ ಪ್ರಚಲಿತವಾದ ಗ್ರೀಕ್ ಪರಂಪರೆಯ ಕಥೆ. ಶಾಲೆಯ ಪಾಠಪುಸ್ತಕ ಎರಡು ಪರಂಪರೆಗಳನ್ನೂ ಒಂದೇ ಬುಟ್ಟಿಗೆ ಹಾಕಿರುವಾಗ ಮಕ್ಕಳನ್ನು ದೂಷಿಸಿ ಫಲವಿಲ್ಲ. ಆದರೆ ಸಾಹಿತ್ಯಾಭ್ಯಾಸಿಗೆ ಈ ಭೇದ ತಿಳಿದಿರಬೇಕು.

ಕ್ರಿ.ಪೂ. 5ನೆಯ ಶತಮಾನದ ಹೆರೊಡೋಟಸನು ಈಸೋಪನನ್ನು ಸಾಮೋಸ್ ದ್ವೀಪದ ಇಯಾಡ್ಮೋನನ ದಾಸನೆಂದು ಹೇಳುತ್ತಾನೆ. ಈಸೋಪನು ತಾನೇ ಬರೆದ ಗ್ರಂಥ ಯಾವುದೂ ಇಲ್ಲ. ಡೆಮೆಟ್ರಿಯಸನು ಸುಮಾರು ಕ್ರಿ.ಪೂ. 300ರಲ್ಲಿ ಮಾಡಿದ ಸಂಕಲನವೂ ನಷ್ಟವಾಗಿದೆ. ಕ್ರಿ.ಶ. ಒಂದನೆಯ ಶತಮಾನದಲ್ಲಿ ಈ ಕಥೆಗಳನ್ನು ಲ್ಯಾಟಿನ್ ಪದ್ಯಕ್ಕಿಳಿಸಿದ ಫೇಡ್ರಸ್, ಬಿಡುಗಡೆ ಹೊಂದಿದ ದಾಸ. ಬಾಯಿಬಿಟ್ಟು ಆಡಲಾಗದುದನ್ನು ಆಡಲು ದಾಸರು ಕಂಡುಕೊಂಡ ಮಾರ್ಗವೇ ಈ ಕಥೆಯೆಂಬುದು ಅವನ ಅಭಿಪ್ರಾಯ. ಶೈಲಿಯೂ ಅದಕ್ಕೆ ತಕ್ಕಂತಿದೆ: ಎರಡು ಪ್ರಾಣಿ, ಒಂದು ಘಟನೆ, ಒಂದು ಚುರುಕು ಮಾತು. ಕೊನೆಗೆ ಅಂಟಿಸಿದ ನೀತಿವಾಕ್ಯ ಬಹುಮಟ್ಟಿಗೆ ಸಂಕಲನಕಾರರ ಕೈವಾಡ.

ಕನ್ನಡದ ಸಂದರ್ಭ ಇದಕ್ಕೆ ನೇರ ವಿರುದ್ಧವಾದುದು. ಕ್ರಿ.ಶ. ಸುಮಾರು 1031ರಲ್ಲಿ ಪಂಚತಂತ್ರವನ್ನು ಚಂಪುವಾಗಿಸಿದ ದುರ್ಗಸಿಂಹನು ಕಲ್ಯಾಣದ ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿ. ಯುದ್ಧ, ಸಂಧಿಗಳ ಲೆಕ್ಕಾಚಾರದ ನಡುವೆ ಬಾಳಿದವನು. ಅಂಥವನಿಗೆ ಕರಟಕ, ದಮನಕರೆಂಬ ನರಿಗಳು ಕಾಡಿನಲ್ಲಿಯೇ ಕಾಣಬೇಕಾಗಿರಲಿಲ್ಲ! ಸಿಂಹಕ್ಕೂ ಎತ್ತಿಗೂ ನಡುವಣ ಸ್ನೇಹವನ್ನು ಒಡೆಯುವ ಮಾತುಗಾರಿಕೆಯನ್ನು ಅವನು ಅವಸರವಿಲ್ಲದೆ ಬಿಡಿಸುತ್ತಾನೆ. ಒಂದು ಪಾತ್ರ ದೃಷ್ಟಾಂತ ಹೇಳುತ್ತದೆ, ಆ ದೃಷ್ಟಾಂತದೊಳಗೆ ಇನ್ನೊಂದು ಹುಟ್ಟುತ್ತದೆ. ಇಲ್ಲಿ ನೀತಿ ಕಥೆಯ ಬಾಲವಲ್ಲ, ವಾದದ ಆಯುಧ. ಕುಟಿಲನೂ ಅದನ್ನು ಅಷ್ಟೇ ಸೊಗಸಾಗಿ ಬಳಸುತ್ತಾನೆ. ದುರ್ಗಸಿಂಹನ ನಿಜವಾದ ಸಾಧನೆ ಇದೆಂದು ನನ್ನ ಎಣಿಕೆ.

ಅವನ ಆಕರ ವಿಷ್ಣುಶರ್ಮನ ಪ್ರಸಿದ್ಧ ಪಾಠವಲ್ಲ, ವಸುಭಾಗಭಟ್ಟನದು. ಆದ್ದರಿಂದಲೇ ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ ಎಂಬ ಬೇರೆಯೇ ವಿಭಾಗಗಳು. ಜಾವಾದ ತಂತ್ರಿ ಕಥೆಗಳೊಂದಿಗೆ ಈ ಶಾಖೆಗೆ ನಂಟಿದೆ. ವಸುಭಾಗನ ಸಂಸ್ಕೃತ ಮೂಲ ಉಳಿದಿಲ್ಲವಾದ್ದರಿಂದ ಅದನ್ನು ಊಹಿಸಹೊರಟವರು ಕನ್ನಡಕ್ಕೆ ಬರಲೇಬೇಕು. ಜೈನಮುನಿ ಪೂರ್ಣಭದ್ರನು 1199ರಲ್ಲಿ ಪರಿಷ್ಕರಿಸಿದ ಸಂಸ್ಕೃತ ಪಾಠಕ್ಕಿಂತಲೂ ನಮ್ಮದು ಒಂದೂವರೆ ಶತಮಾನ ಹಳೆಯದು.

ಇವೆರಡು ಪರಂಪರೆಗಳಲ್ಲಿ ಯಾವುದು ಯಾವುದರಿಂದ ಪಡೆಯಿತು? ಸಿಂಹದ ತೊಗಲು ಹೊದ್ದ ಕತ್ತೆ ಗ್ರೀಕಿನಲ್ಲೂ ಇದೆ, ಪಾಲಿ ಜಾತಕದಲ್ಲೂ ಇದೆ. ಸಂಸ್ಕೃತ ಪಾಠಗಳಲ್ಲಿ ಅದು ಹುಲಿಯ ಇಲ್ಲವೇ ಚಿರತೆಯ ತೊಗಲಾಗುತ್ತದೆ. ಬಾಯಿಂದ ಬಾಯಿಗೆ ಸಾಗಿದ ಸರಕಿಗೆ ಸುಂಕದ ಚೀಟಿ ಸಿಗುವುದಿಲ್ಲ. ಕತ್ತೆ ಮಾತ್ರ ಎಲ್ಲ ಕಡೆಯೂ ಅರಚಿಯೇ ಸಿಕ್ಕಿಬೀಳುತ್ತದೆ.