ಪದ್ಮಾ ಹಡಗನ್ನು ತಡೆದವರು: 1971ರ ಹೊರನಾಡ ಬಂಗಾಳಿಗಳು ಮತ್ತು ಅಮೆರಿಕದ ನೀತಿ

1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಢಾಕಾ ನಗರದ ಮೇಲೆ ಎರಗಿದಾಗ ಪೂರ್ವ ಬಂಗಾಳದ, ಅಂದರೆ ಆಗಿನ ಪೂರ್ವ ಪಾಕಿಸ್ತಾನದ, ಸಾವಿರಾರು ಮಂದಿ ಬ್ರಿಟನ್ನಿನಲ್ಲಿ ನೆಲೆಸಿದ್ದರು. ಅಮೆರಿಕದಲ್ಲಿದ್ದವರು ಅದಕ್ಕಿಂತ ಬಹಳ ಕಡಿಮೆ. ಮುಂದಿನ ಒಂಬತ್ತು ತಿಂಗಳು ಈ ಎರಡೂ ಸಮುದಾಯಗಳು ತಾವು ದುಡಿದು ಬದುಕುತ್ತಿದ್ದ ದೇಶಗಳ ಸರ್ಕಾರಗಳನ್ನೇ ಪ್ರಶ್ನಿಸಿದವು. ಊರಿನಲ್ಲಿ ನಡೆಯುತ್ತಿದ್ದ ಕೊಲೆಗಳಿಗೆ ಬೇಕಾದ ಹಣ, ಬಿಡಿಭಾಗ, ರಾಜತಾಂತ್ರಿಕ ಬೆಂಬಲ ತಮ್ಮ ತೆರಿಗೆಯಿಂದಲೇ ಹೋಗುತ್ತಿದೆ ಎಂಬುದು ಅವರ ಮುಖ್ಯ ಆಕ್ಷೇಪವಾಗಿತ್ತು.

ಬ್ರಿಟನ್ನಿನ ಬಂಗಾಳಿಗಳಲ್ಲಿ ಹೆಚ್ಚಿನವರು ಸಿಲ್ಹೆಟ್ ಜಿಲ್ಲೆಯವರು. ಬ್ರಿಟಿಷ್ ಹಡಗುಗಳ ಎಂಜಿನ್ ಕೋಣೆಯಲ್ಲಿ ಕಲ್ಲಿದ್ದಲು ತುಂಬುತ್ತಿದ್ದ ಲಸ್ಕರುಗಳು ಲಂಡನ್ನಿನ ಬಂದರಿನಲ್ಲಿ ಇಳಿದು ಅಲ್ಲೇ ಉಳಿದದ್ದು ಈ ವಲಸೆಯ ಆರಂಭ. 1950 ಮತ್ತು 60ರ ದಶಕಗಳಲ್ಲಿ ಅವರ ಅಣ್ಣತಮ್ಮಂದಿರು, ಸೋದರಳಿಯಂದಿರು ಬರ್ಮಿಂಗ್‌ಹ್ಯಾಮ್, ಬ್ರಾಡ್‌ಫರ್ಡ್, ಓಲ್ಡ್‌ಹ್ಯಾಮ್‌ಗಳ ಕಾರ್ಖಾನೆ, ಗಿರಣಿಗಳಿಗೆ ಬಂದರು. ‘ಇಂಡಿಯನ್ ರೆಸ್ಟೋರೆಂಟ್’ ಎಂದು ಬೋರ್ಡು ಹಾಕಿಕೊಂಡಿದ್ದ ಹೋಟೆಲುಗಳಲ್ಲಿ ಬಹುಪಾಲು ಇವರವೇ. ಅಮೆರಿಕದ ಬಂಗಾಳಿಗಳ ಕತೆ ಬೇರೆ. 1965ರ ವಲಸೆ ಕಾಯ್ದೆ ಬಾಗಿಲು ತೆರೆದ ಮೇಲೆ ಅಲ್ಲಿಗೆ ಹೋದವರಲ್ಲಿ ವಿದ್ಯಾರ್ಥಿಗಳು, ವೈದ್ಯರು, ಎಂಜಿನಿಯರುಗಳೇ ಹೆಚ್ಚು. ಅವರಿಗೆ ಓದು ಇತ್ತು, ಪತ್ರ ಬರೆಯುವ ಕಲೆ ಗೊತ್ತಿತ್ತು, ಆದರೆ ಚುನಾವಣೆಯಲ್ಲಿ ಲೆಕ್ಕಕ್ಕೆ ಬರುವಷ್ಟು ಮತಗಳಿರಲಿಲ್ಲ.

ಸಂಘರ್ಷದ ಬೇರು 1970ರ ಡಿಸೆಂಬರಿನ ಚುನಾವಣೆಯಲ್ಲಿದೆ. ಶೇಖ್ ಮುಜೀಬುರ್ ರಹಮಾನರ ಅವಾಮಿ ಲೀಗ್ ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160 ಗೆದ್ದು, ಇಡೀ ದೇಶದ ಸಂಸತ್ತಿನಲ್ಲಿ ಬಹುಮತ ಪಡೆಯಿತು. ಸೇನಾಡಳಿತಗಾರ ಯಾಹ್ಯಾ ಖಾನ್ ಅಧಿಕಾರ ಬಿಟ್ಟುಕೊಡುವ ಬದಲು ಸೇನೆಯನ್ನು ನುಗ್ಗಿಸಿದರು. ವಿಶ್ವವಿದ್ಯಾಲಯದ ವಸತಿನಿಲಯಗಳು, ಹಳೆಯ ಢಾಕಾದ ಹಿಂದೂ ಕೇರಿಗಳು, ಪೊಲೀಸ್ ಲೈನುಗಳು ಮೊದಲ ಗುರಿಯಾದವು. ವರ್ಷ ಮುಗಿಯುವ ಹೊತ್ತಿಗೆ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದಿದ್ದರು.

ಅಧ್ಯಕ್ಷ ರಿಚರ್ಡ್ ನಿಕ್ಸನ್ ಸರ್ಕಾರ ಇದನ್ನು ಪಾಕಿಸ್ತಾನದ ಒಳಗಿನ ವಿಷಯವೆಂದು ಕರೆದು ಸುಮ್ಮನಿತ್ತು. ಢಾಕಾದ ಅಮೆರಿಕನ್ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಮೊದಲ ವಾರದಿಂದಲೇ ಕೊಲೆಗಳ ವರದಿ ಕಳುಹಿಸುತ್ತಿದ್ದರು. ಏಪ್ರಿಲ್ 6ರಂದು ಅವರ ಕಚೇರಿಯಿಂದ 20 ಅಧಿಕಾರಿಗಳ ಸಹಿ ಹೊತ್ತ ಭಿನ್ನಮತದ ತಂತಿ ವಾಷಿಂಗ್ಟನ್ನಿಗೆ ಹೋಯಿತು. ಅದರ ಫಲವಾಗಿ ನೀತಿ ಬದಲಾಗಲಿಲ್ಲ, ಬ್ಲಡ್ ಅವರ ಹುದ್ದೆ ಬದಲಾಯಿತು. ಕಾರಣ ಬೀಜಿಂಗಿನಲ್ಲಿತ್ತು. ಚೀನಾದೊಡನೆ ಸಂಬಂಧ ಬೆಳೆಸಲು ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಯಾಹ್ಯಾ ಅವರನ್ನೇ ಗುಟ್ಟಿನ ಮಧ್ಯವರ್ತಿಯಾಗಿ ಬಳಸುತ್ತಿದ್ದರು. ಜುಲೈ ತಿಂಗಳವರೆಗೂ ಇದು ಹೊರಗೆ ತಿಳಿಯಲಿಲ್ಲ. ಹಾಗಾಗಿ ಅಲ್ಲಿಯವರೆಗೆ ಹೊರನಾಡ ಬಂಗಾಳಿಗಳು ಟೀಕಿಸುತ್ತಿದ್ದ ನೀತಿಯ ನಿಜವಾದ ಉದ್ದೇಶವೇ ಅವರಿಗೆ ಗೊತ್ತಿರಲಿಲ್ಲ.

ಬ್ರಿಟನ್ನಿನಲ್ಲಿ ಚಳವಳಿ ಕೂಡಲೇ ಬೀದಿಗಿಳಿಯಿತು. ಮಾರ್ಚ್ 28ರಂದೇ ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಪಾರ್ಕಿನಲ್ಲಿ ಸಾವಿರಾರು ಜನ ಸೇರಿ ಬಾಂಗ್ಲಾದೇಶದ ಬಾವುಟ ಹಾರಿಸಿದರು. ಊರೂರಿನಲ್ಲಿ ಹುಟ್ಟಿದ ಕ್ರಿಯಾ ಸಮಿತಿಗಳು ಏಪ್ರಿಲ್ 24ರಂದು ಕೊವೆಂಟ್ರಿಯಲ್ಲಿ ಕೂಡಿ ಒಂದು ಮಾರ್ಗದರ್ಶಕ ಸಮಿತಿ ರಚಿಸಿದವು. ಇವುಗಳ ನಡುವೆ ಜಗಳ ಕಡಿಮೆಯಿರಲಿಲ್ಲ. ಅವನ್ನು ಒಟ್ಟಾಗಿ ಹಿಡಿದಿಟ್ಟವರು ಢಾಕಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ನ್ಯಾಯಮೂರ್ತಿ ಅಬು ಸಯೀದ್ ಚೌಧುರಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಸಭೆಗೆಂದು ಜಿನೀವಾಕ್ಕೆ ಹೋಗಿದ್ದ ಅವರು ತಮ್ಮ ವಿದ್ಯಾರ್ಥಿಗಳ ಹತ್ಯೆಯ ಸುದ್ದಿ ಕೇಳಿ ರಾಜೀನಾಮೆಯಿತ್ತು ಲಂಡನ್ನಿನಲ್ಲಿ ಉಳಿದರು. ಹೋಟೆಲಿನ ಅಡುಗೆಯವರು, ಗಿರಣಿ ಕಾರ್ಮಿಕರು ವಾರದ ಕೂಲಿಯಲ್ಲಿ ಒಂದು ಪಾಲನ್ನು ನಿಧಿಗೆ ಕೊಟ್ಟರು. ಊರಿಗೆ ಕಳುಹಿಸುವ ಹಣ ಪಾಕಿಸ್ತಾನದ ಖಜಾನೆಗೆ ವಿದೇಶಿ ವಿನಿಮಯವಾಗುತ್ತದೆಂದು ಅದನ್ನೇ ತಡೆಹಿಡಿದವರೂ ಇದ್ದರು. ಊರಿನಲ್ಲಿರುವ ಮನೆಯವರು ಆ ಹಣವನ್ನೇ ನಂಬಿದ್ದಾರೆಂದು ತಿಳಿದೂ ಮಾಡಿದ ಈ ನಿರ್ಧಾರ ಯಾವ ಮೆರವಣಿಗೆಗಿಂತಲೂ ದೊಡ್ಡದು.

ಬಾಂಗ್ಲಾದೇಶದ ಮೊದಲ ಅಂಚೆಚೀಟಿಗಳು ಬೆಳಕು ಕಂಡದ್ದೂ ಇಲ್ಲಿಯೇ. ಸಂಸದ ಜಾನ್ ಸ್ಟೋನ್‌ಹೌಸ್ ಅವರ ಪ್ರೇರಣೆಯಿಂದ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಬಂಗಾಳಿ ಕಲಾವಿದ ಬಿಮಾನ್ ಮಲ್ಲಿಕ್ ರೂಪಿಸಿದ 8 ಚೀಟಿಗಳು ಜುಲೈ 29ರಂದು ಬಿಡುಗಡೆಯಾದವು. ಒಂದರಲ್ಲಿ ದೇಶದ ನಕ್ಷೆ, ಇನ್ನೊಂದರಲ್ಲಿ ಢಾಕಾ ವಿಶ್ವವಿದ್ಯಾಲಯದ ಹತ್ಯೆ, ಮತ್ತೊಂದರಲ್ಲಿ ಚುನಾವಣೆಯ ಫಲಿತಾಂಶ. ಮಾನ್ಯತೆಯೇ ಇಲ್ಲದ ಬಾಂಗ್ಲಾದೇಶ ಸರ್ಕಾರ ತನ್ನ ವಾದವನ್ನು ಲಕೋಟೆಯ ಮೇಲೆ ಅಂಟಿಸಿ ಜಗತ್ತಿಗೆ ಕಳುಹಿಸಿತು. ಅದೇ ವರ್ಷ ನವೆಂಬರಿನಿಂದ ಭಾರತದಲ್ಲಿ ಅಂಚೆಗೆ 5 ಪೈಸೆಯ ನಿರಾಶ್ರಿತ ಪರಿಹಾರ ಚೀಟಿ ಕಡ್ಡಾಯವಾಗಿ, ಆಗಿನ ಮೈಸೂರು ರಾಜ್ಯದಿಂದ ಹೊರಟ ಪತ್ರಗಳೂ ಆ ಭಾರ ಹೊತ್ತವು.

ಅಮೆರಿಕದಲ್ಲಿ ಬಂಗಾಳಿಗಳು ಬೇರೆ ದಾರಿ ಹುಡುಕಬೇಕಾಯಿತು. ಷಿಕಾಗೋದಲ್ಲಿ ಫಜ್ಲುರ್ ರಹಮಾನ್ ಖಾನ್ ಮುಂದೆ ನಿಂತರು. 100 ಅಂತಸ್ತಿನ ಜಾನ್ ಹ್ಯಾಂಕಾಕ್ ಕಟ್ಟಡದ ರಚನಾ ಎಂಜಿನಿಯರ್ ಅವರು. ಆಗ ಸಿಯರ್ಸ್ ಗೋಪುರ ಅವರ ಕೈಯಲ್ಲಿ ಮೇಲೇಳುತ್ತಿತ್ತು. ಪರಿಹಾರ ನಿಧಿ ಮತ್ತು ರಾಜಕೀಯ ಪ್ರಚಾರಕ್ಕೆ ಅವರು ಸಂಘಟನೆಗಳನ್ನು ಕಟ್ಟಿದರು. ವಾಷಿಂಗ್ಟನ್ನಿನಲ್ಲಿ ಬಾಂಗ್ಲಾದೇಶ ಮಾಹಿತಿ ಕೇಂದ್ರ ಶುರುವಾಯಿತು. ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿ ದುಡಿದು ಮರಳಿದ್ದ ಅಮೆರಿಕನ್ ವೈದ್ಯರು ಅದರ ಬೆನ್ನೆಲುಬಾದರು. ಅಲ್ಲಿನ ಸ್ಥಿತಿಯನ್ನು ಕಣ್ಣಾರೆ ಕಂಡು ಬಂದಿದ್ದ ಈ ವೈದ್ಯರ ಮಾತಿಗೆ ಸಂಸದರು ಕಿವಿಗೊಟ್ಟರು. ಅವರಲ್ಲೊಬ್ಬರಾದ ಜಾನ್ ರೋಡ್ ಬರೆದ ಪತ್ರವನ್ನು ಓಹಾಯೋದ ಸೆನೆಟರ್ ವಿಲಿಯಂ ಸ್ಯಾಕ್ಸ್‌ಬಿ ಸಂಸತ್ತಿನ ದಾಖಲೆಗೆ ಸೇರಿಸಿದರು.

ಸರ್ಕಾರದ ಮಾತಿಗೂ ನಡೆಗೂ ಇದ್ದ ಅಂತರ ಜೂನ್ 22ರಂದು ಬಯಲಾಯಿತು. ಮಾರ್ಚ್ 25ರ ನಂತರ ಪಾಕಿಸ್ತಾನಕ್ಕೆ ಶಸ್ತ್ರ ಹೋಗಿಲ್ಲವೆಂದು ವಿದೇಶಾಂಗ ಇಲಾಖೆ ಹೇಳುತ್ತ ಬಂದಿತ್ತು. ಸುಂದರಬನ್ಸ್ ಮತ್ತು ಪದ್ಮಾ ಎಂಬ ಪಾಕಿಸ್ತಾನಿ ಹಡಗುಗಳು ಸೇನಾ ಸಾಮಗ್ರಿ ಒಯ್ಯುತ್ತಿವೆಯೆಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಟ್ಯಾಡ್ ಶುಲ್ಟ್ಸ್ ಬರೆದರು. ಹಳೆಯ ಪರವಾನಗಿಗಳು ರದ್ದಾಗಿರಲಿಲ್ಲ, ಸರಕು ಅವುಗಳ ಹೆಸರಿನಲ್ಲಿ ಹೊರಡುತ್ತಿತ್ತು. ಈ ಸುದ್ದಿ ಚಳವಳಿಯ ಗುರಿಯನ್ನೇ ಬದಲಿಸಿತು. ಅದುವರೆಗೆ ಟೀಕೆ ಒಂದು ನಿಲುವಿನ ವಿರುದ್ಧ ಇತ್ತು. ಈಗ ಒಂದು ಹಡಗು, ಒಂದು ಬಂದರು, ಒಂದು ಪರವಾನಗಿ ಪತ್ರದ ವಿರುದ್ಧ ಆಯಿತು. ಪದ್ಮಾ ಮಾಂಟ್ರಿಯಲ್ ತಲುಪಿದಾಗ ಕೆನಡಾ ಸರ್ಕಾರ ಸೇಬರ್ ಯುದ್ಧವಿಮಾನಗಳ ಬಿಡಿಭಾಗ ಹತ್ತಿಸಲು ಬಿಡಲಿಲ್ಲ.

ಜುಲೈ ನಡುವಿನಲ್ಲಿ ಪದ್ಮಾ ಬಾಲ್ಟಿಮೋರಿಗೆ ಬಂತು. ಫಿಲಡೆಲ್ಫಿಯಾದ ಕ್ವೇಕರ್ ಪಂಥದ ಕಾರ್ಯಕರ್ತ ರಿಚರ್ಡ್ ಟೇಲರ್ ಮತ್ತು ಸಂಗಡಿಗರು ಅಲ್ಲಿನ ಬಂಗಾಳಿಗಳೊಡನೆ ಸೇರಿ ಕಾಯುತ್ತಿದ್ದರು. ಹುಟ್ಟು ಹಾಕುವ ಸಣ್ಣ ದೋಣಿಗಳು, ಕಯಾಕುಗಳು, ಕಣ್ಣೆದುರು ಸಾವಿರಾರು ಟನ್ನಿನ ಉಕ್ಕಿನ ಹಡಗು. ದೋಣಿಗಳು ಅದರ ದಾರಿಗೆ ಅಡ್ಡ ಬಂದವು. ಕರಾವಳಿ ಕಾವಲು ಪಡೆಯವರು ಬಂದು ಅವನ್ನು ಎಳೆದು, ಕೆಲವರನ್ನು ಬಂಧಿಸಿದರು. ಹಡಗು ದಡ ಸೇರಿತು, ಸರಕು ತುಂಬಿಕೊಂಡು ಹೋಯಿತು. ಅದೇ ವಾರ, ಜುಲೈ 15ರಂದು, ಕಿಸಿಂಜರ್ ಪಾಕಿಸ್ತಾನದ ಮೂಲಕ ಗುಟ್ಟಾಗಿ ಬೀಜಿಂಗಿಗೆ ಹೋಗಿಬಂದದ್ದನ್ನು ನಿಕ್ಸನ್ ದೂರದರ್ಶನದಲ್ಲಿ ಪ್ರಕಟಿಸಿದರು. ಎದುರಾಳಿ ಎಷ್ಟು ದೊಡ್ಡ ಲೆಕ್ಕಾಚಾರ ಕಟ್ಟಿಕೊಂಡಿದ್ದಾನೆಂದು ಚಳವಳಿಗಾರರಿಗೆ ಆಗ ತಿಳಿಯಿತು.

ಬಾಲ್ಟಿಮೋರಿನಲ್ಲಿ ಸೋತರೂ ಪಾಠ ಸಿಕ್ಕಿತು. ಹಡಗನ್ನು ನೀರಿನಲ್ಲಿ ತಡೆಯುವುದಕ್ಕಿಂತ ಅದಕ್ಕೆ ಸರಕು ಹತ್ತಿಸುವ ಕೈಗಳನ್ನು ಒಲಿಸಿಕೊಳ್ಳುವುದು ಮೇಲು. ಫಿಲಡೆಲ್ಫಿಯಾದಲ್ಲಿ ಬಂದರು ಕಾರ್ಮಿಕರ ಸಂಘದೊಡನೆ ಮೊದಲೇ ಮಾತಾಯಿತು. ಆಗಸ್ಟಿನಲ್ಲಿ ಅಲ್ ಅಹ್ಮದಿ ಹಡಗು ಬಂದಾಗ ಕಾರ್ಮಿಕರು ಪಿಕೆಟಿಂಗ್ ಸಾಲು ದಾಟಲಿಲ್ಲ. ದಿನದ ಕೂಲಿ ಬಿಟ್ಟ ಆ ಜನರಲ್ಲಿ ಹೆಚ್ಚಿನವರು ಬಂಗಾಳವನ್ನು ನಕ್ಷೆಯಲ್ಲೂ ನೋಡಿರಲಾರರು. ಅಕ್ಟೋಬರಿನಲ್ಲಿ ಶ್ವೇತಭವನದ ಎದುರಿನ ಲಫಾಯೆಟ್ ಪಾರ್ಕಿನಲ್ಲಿ ಚರಂಡಿ ಕೊಳವೆಗಳನ್ನು ಇಟ್ಟು ಪ್ರತಿಭಟನಾಕಾರರು ಅವುಗಳೊಳಗೆ ಮಲಗಿದರು. ಕಲ್ಕತ್ತೆಯ ಸಾಲ್ಟ್ ಲೇಕ್ ಶಿಬಿರದಲ್ಲಿ ನಿರಾಶ್ರಿತರು ಅಂಥ ಕೊಳವೆಗಳಲ್ಲೇ ಸಂಸಾರ ಹೂಡಿದ್ದರು.

ಒತ್ತಡ ಒಳಗಿನಿಂದಲೂ ಬಂತು. ನ್ಯೂಯಾರ್ಕಿನ ಉಪ ಕಾನ್ಸುಲ್ ಎ. ಎಚ್. ಮಹಮೂದ್ ಅಲಿ ಏಪ್ರಿಲಿನಲ್ಲೇ ಪಾಕಿಸ್ತಾನದ ಸೇವೆ ತೊರೆದಿದ್ದರು. ಆಗಸ್ಟ್ 4ರಂದು ವಾಷಿಂಗ್ಟನ್ ರಾಯಭಾರ ಕಚೇರಿ ಮತ್ತು ವಿಶ್ವಸಂಸ್ಥೆಯ ನಿಯೋಗದ ಬಂಗಾಳಿ ಅಧಿಕಾರಿಗಳು ಒಟ್ಟಾಗಿ ಹೊರನಡೆದರು. ಅದಕ್ಕೆ ಮೂರು ದಿನ ಮೊದಲು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನಡೆಸಿದ ಕಛೇರಿಗೆ ಸುಮಾರು 40,000 ಜನ ಬಂದಿದ್ದರು. ಬಾಂಗ್ಲಾದೇಶ ಎಂಬ ಹೆಸರು ಮನೆಮನೆಗೆ ತಲುಪಿತು. ಪಾಕಿಸ್ತಾನಕ್ಕೆ ನೆರವು ತಡೆಯುವ ಸ್ಯಾಕ್ಸ್‌ಬಿ ಮತ್ತು ಫ್ರಾಂಕ್ ಚರ್ಚ್ ಅವರ ತಿದ್ದುಪಡಿಗಾಗಿ ಮಾಹಿತಿ ಕೇಂದ್ರದವರು ಸೆನೆಟ್ ಕಚೇರಿಗಳ ಬಾಗಿಲು ಬಡಿದರು. ನವೆಂಬರ್ ಮೊದಲ ಭಾಗದಲ್ಲಿ ಸರ್ಕಾರ ಉಳಿದ ಶಸ್ತ್ರ ಪರವಾನಗಿಗಳನ್ನು ರದ್ದುಪಡಿಸಿತು.

ಈ ಚಳವಳಿಯ ಕುರುಡು ಮೂಲೆಯನ್ನೂ ಹೇಳಬೇಕು. ಪೂರ್ವ ಬಂಗಾಳದಲ್ಲಿದ್ದ ಉರ್ದು ಮಾತಿನ ಬಿಹಾರಿಗಳ ಮೇಲೆ ಬಂಗಾಳಿ ಗುಂಪುಗಳು ನಡೆಸಿದ ಹತ್ಯೆಗಳು ಅದರ ಕರಪತ್ರಗಳಲ್ಲಿ ಜಾಗ ಪಡೆದದ್ದು ಅಪರೂಪ. ಅತ್ತ ಪರವಾನಗಿಗಳು ರದ್ದಾದರೂ ನಿಕ್ಸನ್ ಮತ್ತು ಕಿಸಿಂಜರ್ ಕೊನೆಯವರೆಗೆ ಕದಲಲಿಲ್ಲ. ಡಿಸೆಂಬರ್ 3ರಂದು ಭಾರತ ಮತ್ತು ಪಾಕಿಸ್ತಾನದ ನಡುವೆ ಯುದ್ಧ ಶುರುವಾದ ಮೇಲೆ ಜೋರ್ಡಾನಿನ ಮೂಲಕ ಪಾಕಿಸ್ತಾನಕ್ಕೆ ಯುದ್ಧವಿಮಾನ ಮುಟ್ಟಿಸಲು ಗುಟ್ಟಾಗಿ ಒತ್ತಾಸೆ ಕೊಟ್ಟರು, ಎಂಟರ್‌ಪ್ರೈಸ್ ವಿಮಾನವಾಹಕ ನೌಕೆಯನ್ನು ಬಂಗಾಳ ಕೊಲ್ಲಿಯತ್ತ ಕಳುಹಿಸಿದರು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು.

ಅಬು ಸಯೀದ್ ಚೌಧುರಿ 1972ರ ಜನವರಿಯಲ್ಲಿ ಹೊಸ ದೇಶದ ರಾಷ್ಟ್ರಪತಿಯಾದರು. ಬ್ರಿಟನ್ ಫೆಬ್ರವರಿ 4ರಂದು ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟಿತು. ಅಮೆರಿಕ ಇನ್ನೆರಡು ತಿಂಗಳು ತಡೆದು ಏಪ್ರಿಲ್ 4ರಂದು ಕೊಟ್ಟಿತು.